ಬಿದ್ದ ವಾಡೆ, ನಿಂತ ಗೋಡೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಹಾಳುಬಿದ್ದ ಹಳೆಯ ಮನೆಗಳ ಬಗ್ಗೆ ಪುಣೆ, ಗೋವಾ, ಮುಂಬೈಯ ಕನ್ನಡಿಗರು ಬರೆದ ಪತ್ರಗಳನ್ನು ಈ ಸಂಚಿಕೆಗೆ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಒಂದೇ ತರಹದ ಪ್ರಶ್ನೆಗಳನ್ನು ಸೇರಿಸಿ ಒಂದು ಮಾಡಿದ್ದೇವೆ.

ಪ್ರಶ್ನೆ: ಹುಬ್ಬಳ್ಳಿಯಿಂದ ಬಂದ ನೆಂಟರನ್ನು ಶನಿವಾರವಾಡೆಗೆ ಕರೆದುಕೊಂಡು ಹೋಗಿದ್ದೆ. ಬಾಗಿಲು ದಾಟಿದರೆ ಹುಲ್ಲು, ಕಟ್ಟೆ, ಕಾರಂಜಿಯ ಕುಂಡ, ಅಷ್ಟೇ. "ಅರಮನಿ ಎಲ್ಲದ?" ಎಂದು ಕೇಳಿದರು, ಉತ್ತರ ಹೊಳೆಯಲಿಲ್ಲ. ಅದನ್ನು ಮತ್ತೆ ಯಾಕೆ ಕಟ್ಟಬಾರದು? — ಓದುಗರು, ಕೋಥ್ರೂಡ್, ಪುಣೆ

ಅರಮನೆ ಸುಟ್ಟುಹೋಗಿದೆ. ನೀವು ತೋರಿಸಿದ್ದು ಅದರ ಬುನಾದಿ. ಮೊದಲನೆಯ ಬಾಜೀರಾಯ ಪೇಶ್ವೆ 1730ರ ಜನವರಿ 10ರ ಶನಿವಾರ ಅಡಿಗಲ್ಲು ಹಾಕಿದ. 1732ರ ಜನವರಿ 22ಕ್ಕೆ, ಅದೂ ಶನಿವಾರವೇ, ಗೃಹಪ್ರವೇಶವಾಯಿತು. ತೇಗ ಜುನ್ನರದ ಕಾಡಿನದು, ಕಲ್ಲು ಚಿಂಚವಡದ ಗಣಿಯದು, ಸುಣ್ಣ ಜೇಜೂರಿ ಕಡೆಯದು. ಖರ್ಚು ಬಂದದ್ದು 16,110 ರೂಪಾಯಿ. 1818ರಲ್ಲಿ ಪೇಶ್ವೆಗಳ ಆಳ್ವಿಕೆ ಮುಗಿದು ವಾಡೆ ಇಂಗ್ಲಿಷರ ಕೈ ಸೇರಿತು. 1828ರ ಫೆಬ್ರವರಿ 27ರಂದು ಹತ್ತಿದ ಬೆಂಕಿ ಏಳು ದಿನ ಉರಿಯಿತು.

ಅಷ್ಟು ದೊಡ್ಡ ಮನೆ ಹಾಗೆ ಹೇಳಹೆಸರಿಲ್ಲದೆ ಹೋಗಲು ಅದನ್ನು ಕಟ್ಟಿದ ಕ್ರಮವೇ ಕಾರಣ. ಪುಣೆಯ ವಾಡೆಯಲ್ಲಿ ಭಾರ ಹೊರುವುದು ಕಟ್ಟಿಗೆ. ಕಂಬ, ತೊಲೆ, ಜಂತಿ ಎಲ್ಲ ಸೇರಿ ಒಂದು ಪಂಜರ, ನಡುವೆ ತುಂಬಿಸಿದ್ದು ಇಟ್ಟಿಗೆ. ಕಂಬ ಉರಿದರೆ ಇಟ್ಟಿಗೆ ತನ್ನಷ್ಟಕ್ಕೆ ಕುಸಿಯುತ್ತದೆ. ಕಲ್ಲಿನ ಜಗತಿ, ಕೋಟೆಗೋಡೆ, ಬುರುಜು, ಐದು ಬಾಗಿಲು ಉಳಿದವು. ಕಟ್ಟಿಗೆಯ ಕೆಲಸ ಹೇಗಿತ್ತೆಂದು ನೆಂಟರಿಗೆ ತೋರಿಸಬೇಕಿದ್ದರೆ ದಿಲ್ಲಿ ದರವಾಜದ ಮೇಲಿನ ನಗಾರಖಾನೆ ಇದೆ. ಆಮೇಲೆ ಬಾಜೀರಾವ್ ರಸ್ತೆಯ ವಿಶ್ರಾಮಬಾಗ್ ವಾಡೆಗೆ ಹೋಗಿ ಕೆತ್ತನೆಯ ಮುಂಭಾಗ ನೋಡಲಿ. ಎರಡನ್ನೂ ನೋಡಿದವರಿಗೆ ಬರಿಗಟ್ಟೆಯ ಮೇಲೆ ಮನೆ ತಾನಾಗಿ ಕಾಣತೊಡಗುತ್ತದೆ.

ಕಟ್ಟೆಯನ್ನು ಓದಲು ಒಂದು ಉಪಾಯವಿದೆ. ಜಗತಿಯ ಮೇಲೆ ಸಾಲಾಗಿ ಚೌಕ ಕಲ್ಲುಗಳನ್ನು ಹುಡುಕಿ. ಅವು ಕಂಬಗಳ ತಳಗಲ್ಲುಗಳು. ಎರಡು ತಳಗಲ್ಲುಗಳ ನಡುವಿನ ಜಾಗಕ್ಕೆ ಪುಣೆಯವರು ಖಣ ಎನ್ನುತ್ತಾರೆ, ಅದೇ ನಮ್ಮ ಅಂಕಣ. ಉದ್ದಕ್ಕೆ ಎಷ್ಟು, ಅಗಲಕ್ಕೆ ಎಷ್ಟು ಎಂದು ಎಣಿಸಿದರೆ ಕೋಣೆಯ ಅಳತೆ ಸಿಕ್ಕಂತೆಯೇ. ನಡುವೆ ತಗ್ಗಿನಲ್ಲಿ ತಳಗಲ್ಲೇ ಇಲ್ಲದ ಚೌಕ ಕಂಡರೆ ಅದು ಆಕಾಶಕ್ಕೆ ತೆರೆದ ಅಂಗಳ, ಅಂದರೆ ಚೌಕ್. ಅಲ್ಲಿಂದ ನೀರು ಹೊರಹೋಗುವ ಕಾಲುವೆಯನ್ನು ಕಣ್ಣಲ್ಲೇ ಹಿಂಬಾಲಿಸಿ. ಕಮಲದ ಆಕಾರದ, 16 ದಳದ ಹಜಾರಿ ಕಾರಂಜಿಗೂ ಇದೇ ಲೆಕ್ಕ: ಹೂವನ್ನಷ್ಟೇ ನೋಡಬೇಡಿ, ನೀರು ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಎಂದು ನೋಡಿ. ಗೈಡುಗಳು 1773ರ ಪೇಶ್ವೆ ನಾರಾಯಣರಾಯನ ಕೊಲೆಗೆ ಅರ್ಧ ಗಂಟೆ ಕೊಡುತ್ತಾರೆ, ಈ ಕಾಲುವೆಗಳಿಗೆ ಎರಡು ನಿಮಿಷವನ್ನೂ ಕೊಡುವುದಿಲ್ಲ.

ಮತ್ತೆ ಕಟ್ಟುವ ಮಾತಿಗೆ ಬಂದರೆ, ಬೇಡ ಎನ್ನುವುದೇ ನಮ್ಮ ಅಭಿಪ್ರಾಯ. ಕಲ್ಲು ಕದಲಿಬಿದ್ದಿದ್ದರೆ ಅದೇ ಕಲ್ಲನ್ನು ಅದೇ ಜಾಗದಲ್ಲಿ ಕೂರಿಸಬಹುದು. 1964ರಲ್ಲಿ ವೆನಿಸ್‌ನಲ್ಲಿ ಒಪ್ಪಿಕೊಂಡ, ಇಂದಿಗೂ ಎಲ್ಲರೂ ಆಧಾರವಾಗಿ ಹಿಡಿಯುವ ನಿಯಮಗಳು ಒಪ್ಪುವುದು ಅಷ್ಟನ್ನೇ. ಸುಟ್ಟು ಬೂದಿಯಾದ ಮಹಡಿಗಳನ್ನು ಊಹೆಯಿಂದ ಏರಿಸಿದರೆ ಅದು ನಮ್ಮ ಕಾಲದ ಮನೆಯೇ ಹೊರತು ಪೇಶ್ವೆಯರದಲ್ಲ. ಸಾಲದ್ದಕ್ಕೆ ಹೊಸ ಕಟ್ಟಡದ ಭಾರಕ್ಕೆ ಹೊಸ ಪಾಯ ತೋಡಬೇಕು, ಆಗ ಉಳಿದಿರುವ ಹಳೆಯ ಬುನಾದಿಯೂ ಹಾಳು.

ಪ್ರಶ್ನೆ: ಕಸಬಾ ಪೇಠೆಯಲ್ಲಿ ನಮ್ಮ ಹಿರಿಯರ ಪಾಲಿನ ವಾಡೆಯ ಒಂದು ಭಾಗವಿದೆ. ಮಾಡು ಕುಸಿದು ಮೂರು ಮಳೆಗಾಲ ಕಳೆದವು. ಹಿಂಬದಿಯ ಗೋಡೆ ಹೊಟ್ಟೆ ಬಿಟ್ಟಿದೆ. ಬುಡದಲ್ಲಿ ಮಣ್ಣು-ಕಲ್ಲಿನ ರಾಶಿ. ಗವಂಡಿ "ರಾಶಿ ತೆಗೆದು ಎರಡೂ ಕಡೆ ಸಿಮೆಂಟ್ ಪ್ಲಾಸ್ಟರ್ ಹೊಡೆದರೆ ಐವತ್ತು ವರ್ಷ ಚಿಂತೆಯಿಲ್ಲ" ಎನ್ನುತ್ತಾನೆ. ಮನೆ ಮತ್ತೆ ಕಟ್ಟುವ ಶಕ್ತಿ ನಮಗಿಲ್ಲ, ಇದ್ದಷ್ಟು ನಿಂತರೆ ಸಾಕು. — ಓದುಗರು, ಪುಣೆ

ಗವಂಡಿ ಹೇಳಿದ ಎರಡೂ ಕೆಲಸ ಬೇಡ, ಅದರಲ್ಲೂ ಅದೇ ಕ್ರಮದಲ್ಲಂತೂ ಬೇಡವೇ ಬೇಡ.

ಮೊದಲು ರಾಶಿಯ ಮಾತು. ಬುಡದಲ್ಲಿ ಬಿದ್ದ ಮಣ್ಣು, ಕಲ್ಲು ಈಗ ಗೋಡೆಗೆ ಆನಿಕೆಯಾಗಿ ನಿಂತಿರಬಹುದು. ಅದನ್ನು ಒಂದೇ ದಿನ ಜೆಸಿಬಿಯಿಂದ ಎಳೆದರೆ ಹೊಟ್ಟೆ ಬಿಟ್ಟ ಗೋಡೆ ಆ ರಾತ್ರಿಯೇ ಮಲಗುತ್ತದೆ. ಆದ್ದರಿಂದ ಮೊದಲು ಗೋಡೆಯ ಸ್ಥಿತಿ ಅಳೆಯಿರಿ. ಮೇಲಿನಿಂದ ತೂಕದ ಗುಂಡು ಇಳಿಬಿಟ್ಟು ಪ್ರತಿ ಅಡಿಗೂ ದಾರದಿಂದ ಗೋಡೆಯವರೆಗಿನ ಅಂತರ ಬರೆದುಕೊಳ್ಳಿ. ಗೋಡೆ 24 ಇಂಚು ದಪ್ಪವಿದ್ದು ವಾಲಿದ್ದು 4 ಇಂಚು, ಅಂದರೆ ದಪ್ಪದ ಆರನೇ ಒಂದು ಪಾಲು, ಮುಟ್ಟಿದ್ದರೆ ಕೆಲಸ ನಿಲ್ಲಿಸಿ ಸ್ಟ್ರಕ್ಚರಲ್ ಎಂಜಿನಿಯರರನ್ನು ಕರೆಸಿ. ಅದಕ್ಕಿಂತ ಹೆಚ್ಚು ವಾಲಿದರೆ ಭಾರದ ಗೆರೆ ಗೋಡೆಯ ನಡುವಿನ ಮೂರನೇ ಒಂದು ಭಾಗದಿಂದ ಹೊರಗೆ ಬಿದ್ದು, ಒಂದು ಮೈ ಬಿಚ್ಚಿಕೊಳ್ಳತೊಡಗುತ್ತದೆ. ಇನ್ನೊಂದು ಪರೀಕ್ಷೆ ಕಟ್ಟಿಗೆಯ ಕೊಡತಿಯಿಂದ ಮೆಲ್ಲಗೆ ತಟ್ಟುವುದು. ಡಬ್ ಡಬ್ ಎಂದು ಟೊಳ್ಳು ಸದ್ದು ಬಂದರೆ ಹೊರಮೈ ಒಳತಿರುಳಿನಿಂದ ಬಿಟ್ಟುಕೊಂಡಿದೆ ಎಂದೇ ತಿಳಿಯಿರಿ.

ಬಿರುಕು ಹಳೆಯದೋ ಇನ್ನೂ ಬೆಳೆಯುತ್ತಿದೆಯೋ ಎನ್ನುವುದಕ್ಕೆ ಗಾಜಿನ ಪಟ್ಟಿ ಹಚ್ಚಿ. 3 ಮಿಲಿಮೀಟರ್ ಗಾಜು, 6 ಇಂಚು ಉದ್ದ, 1 ಇಂಚು ಅಗಲ ಸಾಕು. ಬಿರುಕಿಗೆ ಅಡ್ಡವಾಗಿಟ್ಟು ಎರಡು ತುದಿಗಳನ್ನು ಮಾತ್ರ ಪ್ಲಾಸ್ಟರ್ ಆಫ್ ಪ್ಯಾರಿಸ್‌ನಿಂದ ಅಂಟಿಸಿ ತಾರೀಖು ಬರೆಯಿರಿ. ಗಿಲಾವಿನ ಮೇಲೆ ಅಂಟಿಸಿದರೆ ಪ್ರಯೋಜನವಿಲ್ಲ, ಕೆರೆದು ಕಲ್ಲು ಅಥವಾ ಇಟ್ಟಿಗೆಗೇ ಅಂಟಿಸಬೇಕು. ಗಾಜು ಒಡೆದರೆ ಗೋಡೆ ಇನ್ನೂ ಚಲಿಸುತ್ತಿದೆ. ಆಗ 60ರಿಂದ 75 ಡಿಗ್ರಿ ಓರೆಯಲ್ಲಿ ಊರುಗೋಲು ಕೊಡಬೇಕು: ಗೋಡೆಯ ಮೈಗೆ ಅಗಲ ಹಲಗೆ, ನೆಲದಲ್ಲಿ ದಪ್ಪ ಹಲಗೆ, ನಡುವೆ ತೊಲೆ. ಬೆಣೆಯನ್ನು ಸುತ್ತಿಗೆಯಿಂದ ಜೋರಾಗಿ ಬಡಿಯಬಾರದು, ಕೈಯಿಂದ ಬಿಗಿಯಾದರೆ ಸಾಕು. ಊರುಗೋಲು ಗೋಡೆಯನ್ನು ಹಿಂದಕ್ಕೆ ತಳ್ಳಲಿಕ್ಕಲ್ಲ, ಮುಂದೆ ಬರದಂತೆ ತಡೆಯಲಿಕ್ಕೆ. ಇದಾದ ಮೇಲೆ ರಾಶಿಯನ್ನು ಮೇಲಿನಿಂದ ಕೈಯಲ್ಲೇ ಸ್ವಲ್ಪ ಸ್ವಲ್ಪ ಇಳಿಸಿ. ಕಲ್ಲು, ಹಳೆಯ ಇಟ್ಟಿಗೆ, ತೇಗದ ತುಂಡು ಬೇರೆ ಬೇರೆ ಇಡಿ. ಮುಂದೆ ಎಲ್ಲವೂ ಬೇಕಾಗುತ್ತವೆ.

ಈಗ ರೋಗದ ಮೂಲ. ವಾಡೆಯ ಗೋಡೆ ಹೊರಗೆ ಗಟ್ಟಿ ಕಂಡರೂ ಒಳಗೆ ಹೆಚ್ಚಾಗಿ ಮಣ್ಣಿನ ಗಾರೆ, ಕಲ್ಲಿನ ಚೂರು. ಮಾಡು ಇರುವ ತನಕ ಅದಕ್ಕೆ ಏನೂ ಆಗದು. ಮಾಡು ಹೋಯಿತೆಂದರೆ ಗೋಡೆಯ ನೆತ್ತಿಯೇ ಬಾಯಿ ತೆರೆದ ಚೀಲ. ಮಳೆನೀರು ನೇರ ತಿರುಳಿಗೆ ಇಳಿದು ಮಣ್ಣು ಕೆಸರಾಗಿ ಕೆಳಗೆ ಜಾರುತ್ತದೆ, ಮೇಲೆ ಟೊಳ್ಳು, ಕೆಳಗೆ ಉಬ್ಬು. ನಿಮ್ಮ ಗೋಡೆಯ ಹೊಟ್ಟೆ ಬಂದದ್ದು ಹೀಗೆ. ಇದರ ಮೇಲೆ ಸಿಮೆಂಟ್ ಹೊಡೆದರೆ ಒಳಗಿನ ನೀರು ಹೊರಬರಲು ದಾರಿ ಇರುವುದಿಲ್ಲ. ತೇವ ಮೇಲಕ್ಕೆ ಹತ್ತುತ್ತದೆ, ಉಪ್ಪು ಇಟ್ಟಿಗೆಯೊಳಗೇ ಹರಳುಗಟ್ಟಿ ಅದನ್ನು ಪುಡಿ ಮಾಡುತ್ತದೆ. ಕೆಲವು ವರ್ಷಗಳಲ್ಲಿ ಪ್ಲಾಸ್ಟರು ಇಟ್ಟಿಗೆಯ ಮುಖವನ್ನೂ ಕಿತ್ತುಕೊಂಡು ಹಾಳೆಹಾಳೆಯಾಗಿ ಬೀಳುತ್ತದೆ. ಹಳೆಯ ಗೋಡೆಗಿಂತ ಗಟ್ಟಿಯಾದದ್ದನ್ನು ಅದರ ಮೈಗೆ ಹಚ್ಚಬಾರದು.

ಹಾಗಾಗಿ ನಿಮ್ಮ ದುಡ್ಡಿನ ದೊಡ್ಡ ಪಾಲು ನೆತ್ತಿಗೆ ಹೋಗಲಿ. ಮಳೆಗಾಲ ಹತ್ತಿರವಿದ್ದರೆ ಸದ್ಯಕ್ಕೆ ಬಿದಿರಿನ ಚೌಕಟ್ಟಿನ ಮೇಲೆ ತಾಡಪತ್ರಿ ಹಾಕಿ. ಗೋಡೆಗೂ ತಾಡಪತ್ರಿಗೂ ನಡುವೆ ಗಾಳಿಯಾಡಬೇಕು, ಗೋಡೆಗೇ ಸುತ್ತಿದರೆ ಒಳಗೆ ಬೆವೆತು ಇನ್ನಷ್ಟು ಕೊಳೆಯುತ್ತದೆ. ಶಾಶ್ವತ ಕೆಲಸ ನವೆಂಬರಿನಿಂದ ಫೆಬ್ರವರಿಯೊಳಗೆ. ನೆತ್ತಿಯ ಸಡಿಲವಾದ ಒಂದೆರಡು ವರಸೆ ಕಲ್ಲು-ಇಟ್ಟಿಗೆಗೆ ಸೀಮೆಸುಣ್ಣದಲ್ಲಿ ನಂಬರು ಹಾಕಿ, ಫೋಟೊ ತೆಗೆದು ಇಳಿಸಿ. ಪೇಂಟಿನಲ್ಲಿ ಬರೆಯಬೇಡಿ, ಹೋಗುವುದಿಲ್ಲ. ತಿರುಳಿನ ಮಣ್ಣನ್ನು ಬ್ರಷ್‌ನಿಂದ ಗುಡಿಸಿ, ನೀರು ಸುರಿಯದೆ ಬರೀ ಚಿಮುಕಿಸಿ, ಅದೇ ಕಲ್ಲುಗಳನ್ನು ಸುಣ್ಣದ ಗಚ್ಚಿನಲ್ಲಿ ಕೂರಿಸಿ. ಸುಮಾರು ನಾಲ್ಕೈದು ಅಡಿಗೊಂದರಂತೆ ಎರಡೂ ಮೈ ಮುಟ್ಟುವ ಉದ್ದ ಕಲ್ಲು ಇರಲಿ, ಎರಡು ಮೈಗಳನ್ನು ಕಟ್ಟಿಹಿಡಿಯುವುದು ಅದೇ. ಇದರ ಮೇಲೆ ಸುಣ್ಣದ ಕೋಬಾ ಬರಬೇಕು: 20-25 ಮಿಲಿಮೀಟರಿನ ಇಟ್ಟಿಗೆ ಚೂರು 5 ಪಾಲು, ಗಚ್ಚು 2 ಪಾಲು. ಚೂರುಗಳನ್ನು ಹಿಂದಿನ ರಾತ್ರಿ ನೆನೆಹಾಕದಿದ್ದರೆ ಅವು ಗಚ್ಚಿನ ನೀರು ಹೀರಿ ಅದನ್ನು ಪುಡಿಯಾಗಿಸುತ್ತವೆ. ನಡುವೆ 4 ಇಂಚು, ಅಂಚಿಗೆ ಸುಮಾರು 3 ಇಂಚು ದಪ್ಪವಿಟ್ಟು ಎರಡೂ ಕಡೆಗೆ ಇಳಿಜಾರು ಕೊಡಿ. ಕೊಡತಿ ಬಡಿದರೆ ಗುರುತು ಮೂಡದೆ ಪುಟಿಯುವ ತನಕ ಬಡಿಯಬೇಕು. ಅಂಚು ಗೋಡೆಯಿಂದ ಒಂದೂವರೆ ಇಂಚು ಹೊರಚಾಚಲಿ, ಇಲ್ಲವಾದರೆ ನೀರು ಗೋಡೆಯ ಮೈಯನ್ನೇ ಹಿಡಿದು ಇಳಿಯುತ್ತದೆ. ಹತ್ತು ದಿನ ಒದ್ದೆ ಗೋಣಿತಟ್ಟು ಹೊದಿಸಿ. ಬಿಸಿಲಿಗೆ ಬೇಗ ಒಣಗಿದ ಸುಣ್ಣ ಗಟ್ಟಿಯಾಗುವುದಿಲ್ಲ, ಬರೀ ಒಣಗುತ್ತದೆ. ಬಜೆಟ್ ಸಾಲದಿದ್ದರೆ ಕೋಬಾದ ಬದಲು ಶಹಾಬಾದ್ ಫರಶಿಯನ್ನು ಇಳಿಜಾರಾಗಿ ಹಾಸಬಹುದು. ನಮ್ಮ ಕಲಬುರಗಿ ಸೀಮೆಯ ಆ ಕಲ್ಲನ್ನು ಪುಣೆಯ ಯಾವ ಗವಂಡಿಗೂ ಪರಿಚಯ ಮಾಡಿಸಬೇಕಿಲ್ಲ. ಆದರೆ ಸಂದುಗಳಲ್ಲಿ ಸುಣ್ಣವೇ ಇರಲಿ.

ಹೊಟ್ಟೆಯೊಳಗಿನ ಟೊಳ್ಳಿಗೆ "ಗ್ರೌಟ್ ಪಂಪ್ ಮಾಡೋಣ" ಎನ್ನುವವರು ಸಿಗುತ್ತಾರೆ, ಅಂದರೆ ತೆಳು ನೀರುಗಚ್ಚನ್ನು ಒತ್ತಿ ತುಂಬುವುದು. ಮಣ್ಣಿನ ತಿರುಳಿಗೆ ಒತ್ತಡದಲ್ಲಿ ನೀರು ಸುರಿದರೆ ಗೋಡೆ ಕುಸಿಯಲು ನಾವೇ ನೆರವಾದಂತೆ. ಸುಣ್ಣದ ಗ್ರೌಟನ್ನು ಕೆಳಗಿನಿಂದ ಮೇಲಕ್ಕೆ, ದಿನಕ್ಕೆ ಎರಡು ಅಡಿ ಮೀರದಂತೆ, ಕೊಳವೆಯಲ್ಲಿ ಅದರ ಭಾರಕ್ಕೇ ಇಳಿಯಬಿಡಬೇಕು. ಉಬ್ಬು ತುಂಬಾ ಇದ್ದರೆ ಅಷ್ಟು ಭಾಗವನ್ನು ಬಿಚ್ಚಿ ಕಟ್ಟುವುದೇ ಕ್ಷೇಮ.

ಬುಡವನ್ನೂ ನೋಡಿ. ಪೇಠೆಗಳಲ್ಲಿ ರಸ್ತೆ ಡಾಂಬರು ಏರಿ ಏರಿ ಎಷ್ಟೋ ವಾಡೆಗಳ ಜಗತಿ ಹೂತುಹೋಗಿದೆ. ಗೋಡೆಗೆ ತಾಗಿದ ಮಣ್ಣು ತೆಗೆದು ಜಲ್ಲಿ ತುಂಬಿದ ಕಾಲುವೆ ಮಾಡಿ. ಅಲ್ಲಿ ಕಾಂಕ್ರೀಟ್ ಹಾಸಿದರೆ ನೆಲದ ತೇವಕ್ಕೆ ಗೋಡೆಯೊಂದೇ ದಾರಿಯಾಗುತ್ತದೆ.

ಕಾನೂನಿನ ಮಾತು ಒಂದಿದೆ, ಕಸಬಾ ಪೇಠೆ ಎಂದದ್ದರಿಂದ ಹೇಳಲೇಬೇಕು. ಶನಿವಾರವಾಡೆ ಕೇಂದ್ರ ಪುರಾತತ್ವ ಇಲಾಖೆಯ ರಕ್ಷಿತ ಸ್ಮಾರಕ. ಅಂಥ ಸ್ಮಾರಕದ ಗಡಿಯಿಂದ 100 ಮೀಟರ್ ನಿಷೇಧಿತ ವಲಯ, ಅದರಾಚೆ 200 ಮೀಟರ್ ನಿಯಂತ್ರಿತ ವಲಯ. 1958ರ ಕಾನೂನಿನ 2010ರ ತಿದ್ದುಪಡಿಯಂತೆ 100 ಮೀಟರಿನೊಳಗೆ ಹೊಸ ಕಟ್ಟಡ ಇಲ್ಲ. ದುರಸ್ತಿಗೆ ಅವಕಾಶವಿದೆ, ಆದರೆ ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರದ ಶಿಫಾರಸಿನ ಮೇಲೆ ಸಕ್ಷಮ ಅಧಿಕಾರಿ ಕೊಡುವ ಅನುಮತಿ ಬೇಕು. ತಪ್ಪಿದರೆ ಎರಡು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷದವರೆಗೆ ದಂಡ, ಎರಡೂ ಆಗಬಹುದು. ಮೊದಲು ಅಂತರ ಅಳೆಸಿಕೊಳ್ಳಿ. ನಿಮ್ಮ ವಾಡೆ ಪಾಲಿಕೆಯ ಪಾರಂಪರಿಕ ಪಟ್ಟಿಯಲ್ಲಿದೆಯೇ, ಯಾವ ಶ್ರೇಣಿಯಲ್ಲಿ ಎಂಬುದನ್ನೂ ಅಲ್ಲಿನ ಹೆರಿಟೇಜ್ ವಿಭಾಗದಲ್ಲಿ ವಿಚಾರಿಸಿ. ಅರ್ಜಿಗೆ ಈಗಿನ ಫೋಟೊ, ಅಳತೆಯ ನಕ್ಷೆ ಬೇಕೇ ಬೇಕು. ಕೆಲಸ ಶುರುವಾದ ಮೇಲೆ ಅವನ್ನು ಮಾಡಿಸಲು ಆಗುವುದಿಲ್ಲ.

ಪ್ರಶ್ನೆ: ಸುಣ್ಣದ ಗಚ್ಚನ್ನು ಮನೆಯಲ್ಲೇ ತಯಾರಿಸಬಹುದೇ? ಬೆಲ್ಲ, ಅಳಲೆಕಾಯಿ, ಉದ್ದು ಹಾಕಿದರೆ ಸಿಮೆಂಟಿಗಿಂತ ಗಟ್ಟಿಯಾಗುತ್ತದಂತೆ, ನಿಜವೇ? — ಓದುಗರು, ಚಿಂಚವಡ

ತಯಾರಿಸಬಹುದು, ಅವಸರ ಮಾತ್ರ ಸಲ್ಲ. ಸುಟ್ಟ ಸುಣ್ಣದ ಗಟ್ಟಿಗಳನ್ನು ಕಬ್ಬಿಣದ ಡ್ರಮ್ಮಿನಲ್ಲಿರುವ ನೀರಿಗೆ ಸ್ವಲ್ಪ ಸ್ವಲ್ಪವಾಗಿ ಹಾಕಬೇಕು. ಸುಣ್ಣದ ಮೇಲೆ ನೀರು ಸುರಿಯಬಾರದು, ಕುದಿದು ಮುಖಕ್ಕೆ ಸಿಡಿಯುತ್ತದೆ. ಒಂದು ಕಿಲೋಗೆ ಎರಡೂವರೆ-ಮೂರು ಲೀಟರ್ ನೀರು. ಕನ್ನಡಕ, ರಬ್ಬರ್ ಕೈಗವಸು ಇಲ್ಲದೆ ಹತ್ತಿರ ಹೋಗಬೇಡಿ, ಪ್ಲಾಸ್ಟಿಕ್ ಬಕೆಟ್ಟಂತೂ ಕರಗೀತು. ಅರಳಿದ ಸುಣ್ಣವನ್ನು ಜಾಲರಿಯಲ್ಲಿ ಸೋಸಿ, ಮೇಲೆ ನಾಲ್ಕು ಬೆರಳು ನೀರು ನಿಲ್ಲುವಂತೆ ಮುಚ್ಚಿಡಿ. ಕನಿಷ್ಠ ಮೂರು ವಾರ ಬೇಕು, ಮೂರು ತಿಂಗಳಾದರೆ ಇನ್ನೂ ಒಳ್ಳೆಯದು. ಅರಳದೆ ಉಳಿದ ಕಣಗಳು ಗೋಡೆಗೆ ಹೋದ ಮೇಲೆ ಅರಳಿದರೆ ಗಿಲಾವಿನಲ್ಲಿ ಗುಳ್ಳೆ ಎದ್ದು ಸಿಡಿಯುತ್ತವೆ. ಹಳೆಯ ಗಾರೆಯವರ ಕಾಯುವಿಕೆಗೆ ಇದೇ ಕಾರಣ.

ಸಂದು ತುಂಬಲು ಸುಣ್ಣ 1, ಒರಟು ಮರಳು 3. ಮಳೆಗೆ ಒಡ್ಡಿಕೊಳ್ಳುವ ಜಾಗಕ್ಕೆ ಸುಣ್ಣ 1, ಸುರ್ಕಿ 1, ಮರಳು 2. ಸುರ್ಕಿಗೆ ಕಡಿಮೆ ಬೆಂದ ಇಟ್ಟಿಗೆಯ ನುಣುಪು ಪುಡಿಯೇ ಆಗಬೇಕು. ಕರಿದಾಗಿ ಬೆಂದ ಇಟ್ಟಿಗೆಯ ಪುಡಿ ಸುಣ್ಣದೊಂದಿಗೆ ಕೂಡುವುದಿಲ್ಲ, ಬರೀ ಮರಳಿನ ಕೆಲಸ ಮಾಡುತ್ತದೆ. ಪೇಂಟ್ ಅಂಗಡಿಯ ಚೀಲದ ಸುಣ್ಣ ಕೊಳ್ಳುವುದಾದರೆ ಒಂದು ಚಿಟಿಕೆಗೆ ನಿಂಬೆರಸ ಬಿಡಿ. ಬುಸುಬುಸು ನೊರೆ ಬಂದರೆ ಅದು ಚೀಲದಲ್ಲೇ ಗಾಳಿ ಕುಡಿದು ಕಲ್ಲಿನ ಪುಡಿಯಾಗಿದೆ, ವಾಪಸು ಕೊಡಿ.

ಬೆಲ್ಲ ಸಿಮೆಂಟಿಗಿಂತ ಗಟ್ಟಿ ಮಾಡುತ್ತದೆ ಎನ್ನುವುದು ಉತ್ಪ್ರೇಕ್ಷೆ. ಅದು ಗಚ್ಚನ್ನು ಮೆತ್ತಗಾಗಿಸಿ ನೀರು ಕಡಿಮೆ ಸಾಕಾಗುವಂತೆ ಮಾಡುತ್ತದೆ. ನೀರು ಕಡಿಮೆಯಾದಷ್ಟು ಬಿರುಕು ಕಡಿಮೆ. 50 ಕಿಲೋ ಸುಣ್ಣಕ್ಕೆ ಅರ್ಧ ಕಿಲೋ ಬೆಲ್ಲದಿಂದ ಆರಂಭಿಸಿ, ಗೋಡೆಯ ಮೂಲೆಯಲ್ಲಿ ಒಂದು ಚದರಡಿ ಹಚ್ಚಿ ತಿಂಗಳು ಬಿಟ್ಟು ನೋಡಿ. ಹೆಚ್ಚು ಹಾಕಿದರೆ ಗಚ್ಚು ಹಿಡಿಯುವುದೇ ಇಲ್ಲ, ಇರುವೆಗೆ ಹಬ್ಬ. ಅಳಲೆಕಾಯಿಯನ್ನು ಜಜ್ಜಿ ನೆನೆಹಾಕಿ ಸೋಸಿದ ನೀರನ್ನು ಮಾತ್ರ ಬಳಸುವುದು. ಉದ್ದು ಬಿಡಿ, ಅದು ನುಣುಪಿನ ಒಳಗೆಲಸಕ್ಕೆ. ಹಾಳುಗೋಡೆಗೆ ಬೇಕಿಲ್ಲ.

ಪ್ರಶ್ನೆ: ಗೋಡೆಯಲ್ಲಿ ಅರಳಿ ಗಿಡ. ಪ್ರತಿ ವರ್ಷ ಕೀಳುತ್ತೇವೆ, ಮತ್ತೆ ಬರುತ್ತದೆ. — ಓದುಗರು, ಸದಾಶಿವ ಪೇಠ

ಕೀಳುವುದರಿಂದಲೇ ಬರುತ್ತಿದೆ. ಬೇರು ಒಳಗೇ ತುಂಡಾಗಿ ಹತ್ತು ಕಡೆ ಚಿಗುರುತ್ತದೆ, ಎಳೆದಾಗ ಕಲ್ಲೂ ಕದಲುತ್ತದೆ. ಆರು ಇಂಚು ಬುಡ ಉಳಿಸಿ ಕತ್ತರಿಸಿ, ಕತ್ತರಿಸಿದ ಕೆಲವೇ ನಿಮಿಷಗಳಲ್ಲಿ ಕಳೆನಾಶಕವನ್ನು ಬ್ರಷ್‌ನಿಂದ ಹಚ್ಚಬೇಕು. ಬುಡ ದಪ್ಪವಿದ್ದರೆ ಕೆಳಮುಖವಾಗಿ ತೂತು ಕೊರೆದು ತುಂಬಬೇಕು. ಈ ಕೆಲಸವನ್ನು ಪರವಾನಗಿ ಇರುವ ಕೀಟನಿಯಂತ್ರಣದವರಿಂದಲೇ ಮಾಡಿಸಿ, ಬಾವಿಯಿದ್ದರೆ ಮೊದಲೇ ಹೇಳಿ. ಬೇರು ಪೂರ್ತಿ ಒಣಗುವ ತನಕ, ಒಂದು ಮಳೆಗಾಲವಾದರೂ, ಕಾಯ್ದು ಆಮೇಲೆ ತೆಗೆದು ಸಂದಿಗೆ ಗಚ್ಚು ತುಂಬಿ. ಆಸಿಡ್, ಸೀಮೆಎಣ್ಣೆ ಸುರಿಯಬೇಡಿ. ಸುಣ್ಣವನ್ನು ಮೊದಲು ತಿನ್ನುವುದು ಆಸಿಡ್ಡೇ. ನೆತ್ತಿಯ ಹುಲ್ಲು, ಪಾಚಿ ಇದ್ದರೆ ಇರಲಿ.

ಪ್ರಶ್ನೆ: ಹಳೆಯ ಗೋವೆಯಲ್ಲಿ ಬಿಜಾಪುರದ ಆದಿಲಶಾಹನ ಅರಮನೆಯ ಬಾಗಿಲು ಮಾತ್ರ ನಿಂತಿದೆಯಲ್ಲ, ಉಳಿದದ್ದು ಏನಾಯಿತು? ಇನ್ನೊಂದು: ನಮ್ಮ ಹಳೆಯ ಮನೆಯ ಗಿಲಾವು ಕೆತ್ತಿ ಕೆಂಪುಕಲ್ಲು ಕಾಣುವಂತೆ ಬಿಡಬೇಕೆಂದಿದ್ದೇವೆ. — ಓದುಗರು, ಮಡಗಾಂವ್

1510ರಲ್ಲಿ ಅಲ್ಬುಕರ್ಕ್ ಗೋವೆಯನ್ನು ಹಿಡಿದ ಮೇಲೆ ಆ ಅರಮನೆ ಪೋರ್ಚುಗೀಸರದಾಯಿತು. 1554ರಿಂದ 1695ರವರೆಗೆ ಅವರ ಗವರ್ನರುಗಳು ಅಲ್ಲೇ ಇದ್ದರು. ಆಡಳಿತ ಪಣಜಿಗೆ ಸರಿದ ಮೇಲೆ ಪಾಳುಬಿದ್ದ ಅರಮನೆಯನ್ನು 1820ರಲ್ಲಿ ಕೆಡವಿ ಕಲ್ಲನ್ನು ಪಣಜಿಯ ಕಟ್ಟಡಗಳಿಗೆ ಸಾಗಿಸಿದರು. ಸೇಂಟ್ ಕಯೆಟಾನ್ ಚರ್ಚಿನ ಬಳಿ ಮೆಟ್ಟಿಲು, ಎರಡು ಕರಿಕಲ್ಲಿನ ನಿಲುವು, ಮೇಲೆ ಅಡ್ಡಗಲ್ಲು ಇಷ್ಟು ಉಳಿದಿದೆ. ಸುತ್ತಲ ಕಟ್ಟಡಗಳದ್ದು ಕೆಂಪುಕಲ್ಲು, ಇದು ಕರಿಕಲ್ಲು. ಕೆತ್ತನೆಯನ್ನು ದೇಗುಲದ ಬಾಗಿಲುವಾಡದ ಪಕ್ಕ ಇಟ್ಟು ನೋಡಿ, ನಮ್ಮ ಕಡೆಯ ಕಲ್ಲುಕುಟಿಗರ ಕೈ ನೆನಪಾಗುತ್ತದೆ.

ಎರಡನೆಯದಕ್ಕೆ ಸ್ಪಷ್ಟ ಉತ್ತರ: ಕೆತ್ತಬೇಡಿ. ಕೆಂಪುಕಲ್ಲು ಗುಳಿಗುಳಿಯಾದ ಕಲ್ಲು, ಸ್ಪಂಜಿನಂತೆ ನೀರು ಹೀರುತ್ತದೆ. ಗೋವೆಯ ಮಳೆ ವರ್ಷಕ್ಕೆ ಸುಮಾರು 3,000 ಮಿಲಿಮೀಟರ್, ಪುಣೆಯ ನಾಲ್ಕು ಪಟ್ಟು. ಅದಕ್ಕೇ ಅಲ್ಲಿಯ ಹಿರಿಯರು ಗೋಡೆಗೆ ಚಿಪ್ಪು ಸುಣ್ಣದ ಗಿಲಾವು ಹಚ್ಚಿ, ವರ್ಷ ವರ್ಷ ಸುಣ್ಣ ಬಳಿದು, ಮಳೆ ಬಡಿಯುವ ಕಡೆಗೆ ಹೆಣೆದ ತೆಂಗಿನ ಮಡಲಿನ ತಟ್ಟಿ ಕಟ್ಟುತ್ತಿದ್ದರು. ಬೋಮ್ ಜೀಸಸ್ ಬಸಿಲಿಕಾದ ಗಿಲಾವನ್ನು 1950ರ ದಶಕದಲ್ಲಿ ಕೆತ್ತಿ ತೆಗೆದರು. ಕೆಂಪುಗೋಡೆ ಪೋಸ್ಟ್‌ಕಾರ್ಡಿಗೆ ಚೆನ್ನಾಗಿ ಬಂತು, ಕಲ್ಲು ಸವೆಯುತ್ತಾ ಹೋಯಿತು, ಮತ್ತೆ ಗಿಲಾವು ಹಚ್ಚಬೇಕೆಂಬ ಚರ್ಚೆ ಇಂದಿಗೂ ನಿಂತಿಲ್ಲ. ನಿಮ್ಮ ಗಿಲಾವು ಬಿದ್ದ ಕಡೆ ಮಾತ್ರ ತೇಪೆ ಹಾಕಿ: ಒಂದು ಸಲಕ್ಕೆ 10-12 ಮಿಲಿಮೀಟರಿಗಿಂತ ದಪ್ಪ ಬೇಡ, ಎರಡು ಪದರದ ನಡುವೆ ವಾರವಾದರೂ ಬಿಡಿ. ಮೇಲೆ ಪ್ಲಾಸ್ಟಿಕ್ ಪೇಂಟ್ ಬೇಡ, ತೆಳು ಸುಣ್ಣವನ್ನು ನಾಲ್ಕು ಸಲ ಬಳಿಯಿರಿ.

ಪ್ರಶ್ನೆ: ಆರ್ಕಿಟೆಕ್ಚರ್ ವಿದ್ಯಾರ್ಥಿನಿ. ವಸಯಿ ಕೋಟೆಯೊಳಗಿನ ಪೋರ್ಚುಗೀಸ್ ಮನೆಯೊಂದರ ಅವಶೇಷವನ್ನು ಅಳೆಯಬೇಕು. ಗೋಡೆಗಳು ನೇರವಾಗಿಲ್ಲ, ಮೂಲೆಗಳು ಲಂಬವಾಗಿಲ್ಲ. ಪ್ರತಿ ಸಲ ನಕ್ಷೆ ಕೂಡುವುದಿಲ್ಲ. — ಮಾಟುಂಗ, ಮುಂಬೈ

ನೀವು ಮೂಲೆಗಳನ್ನು 90 ಡಿಗ್ರಿ ಎಂದುಕೊಂಡು ಬಿಡಿಸುತ್ತಿರಬೇಕು. ಪ್ರತಿ ಕೋಣೆಗೂ ನಾಲ್ಕು ಬದಿಯ ಜೊತೆಗೆ ಎರಡೂ ಕರ್ಣಗಳನ್ನು ಅಳೆಯಿರಿ. ಕಾಗದದ ಮೇಲೆ ಮೂರು ಅಳತೆಗಳಿಂದ ತ್ರಿಕೋನ ಎಳೆದು ನಾಲ್ಕನೆಯ ಮೂಲೆ ಕೂಡಿಸಿ, ಉಳಿದ ಕರ್ಣದಿಂದ ತಾಳೆ ನೋಡಿ. 2-3 ಸೆಂಟಿಮೀಟರಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಸ್ಥಳದಲ್ಲೇ ಮತ್ತೆ ಅಳೆಯಬೇಕು, ಮನೆಗೆ ಬಂದು ಹೊಂದಿಸಬಾರದು. ಗೋಡೆಯ ಉದ್ದಕ್ಕೆ ಟೇಪು ಬಿಟ್ಟುಕೊಂಡೇ ಕಿಟಕಿ, ಬಾಗಿಲುಗಳನ್ನು ಒಂದೇ ಸೊನ್ನೆಯಿಂದ ಓದಿ. ತುಂಡು ತುಂಡಾಗಿ ಅಳೆದು ಕೂಡಿಸಿದರೆ ತಪ್ಪೂ ಕೂಡುತ್ತದೆ. ಎತ್ತರಕ್ಕೆ, ನೀರು ತುಂಬಿದ ಪಾರದರ್ಶಕ ಪೈಪಿನಿಂದ ಎಲ್ಲ ಗೋಡೆಗಳಿಗೂ ಒಂದೇ ಮಟ್ಟದ ದಾರ ಕಟ್ಟಿ, ಅದರಿಂದ ಮೇಲೆ-ಕೆಳಗೆ ಅಳೆಯಿರಿ. ಪೈಪಿನೊಳಗೆ ಗಾಳಿಗುಳ್ಳೆ ಇದ್ದರೆ ಮಟ್ಟ ತಪ್ಪುತ್ತದೆ. ನಕ್ಷೆಗೆ 1:50 ಸಾಕು, ಕೆತ್ತನೆಗೆ 1:10.

ಅಳತೆಯ ಜೊತೆ ವಸ್ತುವನ್ನೂ ಗುರುತಿಸಿ: ಎಲ್ಲಿ ಕರಿಕಲ್ಲು, ಎಲ್ಲಿ ಇಟ್ಟಿಗೆ, ಎಲ್ಲಿ ಇತ್ತೀಚಿನ ಸಿಮೆಂಟು. ತೊಲೆ ಕೂತಿದ್ದ ತೂತುಗಳ ಸಾಲು ಸಿಕ್ಕರೆ ಅದೇ ಮಹಡಿಯ ನೆಲದ ಮಟ್ಟ. ಆ ಕೋಟೆ 1739ರಲ್ಲಿ ಮರಾಠರ ವಶವಾಯಿತು, ಹಾಗಾಗಿ ಮುಚ್ಚಿದ ಬಾಗಿಲು, ಬದಲಾದ ಕಟ್ಟಡಕ್ರಮ ಕಂಡರೆ ಬೇರೆ ಬಣ್ಣದಲ್ಲಿ ತೋರಿಸಿ. ಟ್ರೈಪಾಡ್‌ಗೆ ಪುರಾತತ್ವ ಇಲಾಖೆಯ ಅನುಮತಿ ಮೊದಲೇ ಪಡೆಯಿರಿ. ಮಳೆ ನಿಂತ ತಕ್ಷಣ ಹೋಗಬೇಡಿ, ಆಳೆತ್ತರದ ಗಿಡಗಂಟಿಯಲ್ಲಿ ಗೋಡೆಯ ಬುಡ ಸಿಗುವುದಿಲ್ಲ, ಹಾವು ಸಿಗುತ್ತವೆ. ಜನವರಿ-ಫೆಬ್ರವರಿ ಒಳ್ಳೆಯದು. ಗೋಡೆಯ ಮೇಲೆ ಹತ್ತಿ ಟೇಪು ಬಿಡುವುದು ಮಾತ್ರ ಬೇಡ, ಕೆಳಗಿನಿಂದಲೇ ಲೇಸರ್ ಮೀಟರಿನಲ್ಲಿ ಓದಿ.